ಎದೆಯಲ್ಲಿ ಪೇಸ್‌ಮೇಕರ್, ಕಟ್ಟೆ ಮೇಲೆ ಇಂಡಕ್ಷನ್ ಒಲೆ: ಅಂಜದೆ ಅಡುಗೆ ಮಾಡಲು 14 ಸೂತ್ರಗಳು

ಪೇಸ್‌ಮೇಕರ್ ಹಾಕಿಸಿಕೊಂಡು ಆಸ್ಪತ್ರೆಯಿಂದ ಮನೆಗೆ ಬಂದವರು ಕೇಳುವ ಮೊದಲ ನಾಲ್ಕೈದು ಪ್ರಶ್ನೆಗಳಲ್ಲಿ ಈಗ ಇದೂ ಒಂದು: ಇಂಡಕ್ಷನ್ ಒಲೆಯಲ್ಲಿ ಅಡುಗೆ ಮಾಡಬಹುದೇ? ನೆರೆಮನೆಯವರು ‘ಅದರ ಹತ್ತಿರ ಸುಳಿಯಲೇಬೇಡಿ, ಮಿಷನ್ ನಿಂತುಹೋಗುತ್ತೆ’ ಎಂದು ಹೆದರಿಸುತ್ತಾರೆ. ಮಕ್ಕಳು ‘ಏನೂ ಆಗಲ್ಲ ಬಿಡಮ್ಮಾ’ ಎಂದು ತಳ್ಳಿಹಾಕುತ್ತಾರೆ. ಎರಡನ್ನೂ ನಂಬಬೇಡಿ. ಪೇಸ್‌ಮೇಕರ್ ತಯಾರಕರ ಕೈಪಿಡಿಗಳೂ ಬ್ರಿಟಿಷ್ ಹಾರ್ಟ್ ಫೌಂಡೇಶನ್‌ನಂಥ ಸಂಸ್ಥೆಗಳೂ ಕೊಡುವ ಸಲಹೆ ಒಂದೇ: ಆನ್ ಆಗಿರುವ ಇಂಡಕ್ಷನ್ ಒಲೆಗೂ ನಿಮ್ಮ ಸಾಧನಕ್ಕೂ ನಡುವೆ 60 ಸೆಂಟಿಮೀಟರ್, ಅಂದರೆ ಎರಡಡಿ, ಅಂತರವಿರಲಿ. ಆ ಎರಡಡಿ ನಮ್ಮ ಕಟ್ಟೆ, ನಮ್ಮ ಪಾತ್ರೆ, ನಮ್ಮ ಸಾರು-ಮುದ್ದೆಗಳ ನಡುವೆ ಹೇಗೆ ದಕ್ಕುತ್ತದೆ ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಈ ಸೂತ್ರಗಳು ಅದಕ್ಕಾಗಿ.

1. ಕಾರ್ಡ್ ತೆಗೆಯಿರಿ, ಮೂರು ಪ್ರಶ್ನೆ ಕೇಳಿ

ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಹಾಕಿಸಿಕೊಂಡಿರಲಿ, ಬೇರೆಲ್ಲೇ ಆಗಿರಲಿ, ಪೇಸ್‌ಮೇಕರ್ ಜೊತೆಗೆ ಒಂದು ಗುರುತಿನ ಕಾರ್ಡ್ ಬರುತ್ತದೆ. ಕಂಪನಿ, ಮಾದರಿ, ಹಾಕಿದ ದಿನಾಂಕ ಎಲ್ಲವೂ ಅದರಲ್ಲಿರುತ್ತವೆ. ಬೀರುವಿನಲ್ಲಿಟ್ಟು ಮರೆತಿದ್ದರೆ ಈಗಲೇ ತೆಗೆದು ಪರ್ಸಿನಲ್ಲಿಡಿ. ಮುಂದಿನ ತಪಾಸಣೆಗೆ ಹೋದಾಗ ವೈದ್ಯರನ್ನು ಹೀಗೆ ಕೇಳಿ: ನನ್ನ ಲೀಡ್ ಬೈಪೋಲಾರೋ ಯೂನಿಪೋಲಾರೋ? ಅದನ್ನು ಸದ್ಯ ಯಾವ ಬಗೆಯಲ್ಲಿ ಹೊಂದಿಸಿದ್ದೀರಿ? ನನ್ನ ಹೃದಯ ಪೂರ್ತಿಯಾಗಿ ಪೇಸ್‌ಮೇಕರ್ ಮೇಲೇ ನಿಂತಿದೆಯೋ, ಅಥವಾ ಅದು ಆಗಾಗ ಆಸರೆಯಷ್ಟೇ ಕೊಡುತ್ತದೆಯೋ?

ಹೃದಯಕ್ಕೆ ಇಳಿಬಿಟ್ಟಿರುವ ತಂತಿಯೇ ಲೀಡ್. ಬೈಪೋಲಾರ್ ಆದರೆ ಎರಡೂ ಧ್ರುವಗಳು ತಂತಿಯ ತುದಿಯಲ್ಲೇ, ಹತ್ತಿರ ಹತ್ತಿರ ಇರುತ್ತವೆ. ಹೊರಗಿನ ಅಡಚಣೆ ಒಳನುಗ್ಗಲು ಅಲ್ಲಿ ಜಾಗ ಕಡಿಮೆ. ಯೂನಿಪೋಲಾರ್ ಆದರೆ ಒಂದು ಧ್ರುವ ತಂತಿಯ ತುದಿಯಲ್ಲಿ, ಇನ್ನೊಂದು ಎದೆಯ ಚರ್ಮದಡಿಯ ಡಬ್ಬಿಯೇ. ನಡುವೆ ಉದ್ದನೆಯ ಹಾದಿ. ಈಗ ಹಾಕುವ ಲೀಡ್‌ಗಳು ಬಹುಪಾಲು ಬೈಪೋಲಾರ್. ಆದರೆ ಬ್ಯಾಟರಿ ಮುಗಿದು ಹೊಸ ಪೇಸ್‌ಮೇಕರ್ ಹಾಕಿಸಿಕೊಂಡವರಲ್ಲಿ ಡಬ್ಬಿ ಮಾತ್ರ ಹೊಸದಾಗಿ, ತಂತಿ ಹಳೆಯದೇ ಉಳಿದಿರಬಹುದು. ಅದಕ್ಕೇ ಊಹೆ ಬೇಡ, ಕೇಳಿ ತಿಳಿದುಕೊಳ್ಳಿ.

2. ಅಡಚಣೆ ಎಲ್ಲಿಂದ ಬರುತ್ತದೆ ಎಂಬುದು ಗೊತ್ತಿರಲಿ

ಇಂಡಕ್ಷನ್ ಒಲೆಯ ಗಾಜಿನಡಿ ತಾಮ್ರದ ಸುರುಳಿಯಿದೆ. ಅದರಲ್ಲಿ ಸೆಕೆಂಡಿಗೆ 20,000ಕ್ಕೂ ಹೆಚ್ಚು ಬಾರಿ ಹಿಂದು-ಮುಂದಾಗುವ ವಿದ್ಯುತ್ ಹರಿಯುತ್ತದೆ. ಅದರಿಂದ ಹುಟ್ಟುವ ಕಾಂತಕ್ಷೇತ್ರ ಪಾತ್ರೆಯ ತಳದಲ್ಲಿ ವಿದ್ಯುತ್ ಸುಳಿಗಳನ್ನು ಎಬ್ಬಿಸಿ ಪಾತ್ರೆಯನ್ನೇ ಕಾಯಿಸುತ್ತದೆ. ಪಾತ್ರೆ ಹೀರಿಕೊಳ್ಳದೆ ಉಳಿದ ಕ್ಷೇತ್ರ ಅಕ್ಕಪಕ್ಕಕ್ಕೆ ಸೋರುತ್ತದೆ. ಈ ಸೋರಿಕೆ ಪೇಸ್‌ಮೇಕರ್‌ಗೆ ಯಾಕೆ ತೊಂದರೆ ಕೊಡಬಹುದು?

1958ರಲ್ಲಿ ಸ್ವೀಡನ್ನಿನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಆರ್ನೆ ಲಾರ್ಸನ್ ಎಂಬವರ ದೇಹದೊಳಗೆ ಇಟ್ಟ ಮೊದಲ ಪೇಸ್‌ಮೇಕರ್, ಹೃದಯ ಏನು ಮಾಡುತ್ತಿದೆ ಎಂದು ನೋಡದೆ ಒಂದೇ ವೇಗದಲ್ಲಿ ಮಿಡಿತ ಕೊಡುತ್ತಿತ್ತು. ಇಂದಿನವು ಹಾಗಲ್ಲ. ಹೃದಯ ತಾನೇ ಬಡಿಯಿತೇ ಎಂದು ಮೊದಲು ಆಲಿಸಿ, ಬಡಿಯದಿದ್ದರೆ ಮಾತ್ರ ಮಿಡಿತ ಕೊಡುತ್ತವೆ. ಆಲಿಸಬೇಕಾದ ಸಂಕೇತವೋ ಕೆಲವೇ ಮಿಲಿವೋಲ್ಟ್. ಸಂತೆಯ ಗದ್ದಲದಲ್ಲಿ ಪಿಸುಮಾತು ಹಿಡಿದ ಹಾಗೆ. ಹತ್ತಿರದಲ್ಲಿ ಬಲವಾದ ಕ್ಷೇತ್ರವಿದ್ದರೆ ಆ ಗದ್ದಲವನ್ನೇ ಹೃದಯದ ಬಡಿತವೆಂದು ತಿಳಿದು ಪೇಸ್‌ಮೇಕರ್ ಸುಮ್ಮನಾಗುವ ಸಂಭವವುಂಟು. ತನ್ನದೇ ಬಡಿತವಿಲ್ಲದ ಹೃದಯಕ್ಕೆ ಅದು ಅಪಾಯ. ಗದ್ದಲ ಎಂದು ಗುರುತು ಹಿಡಿದರೆ ಬಹುತೇಕ ಪೇಸ್‌ಮೇಕರ್‌ಗಳು ಒಂದೇ ವೇಗದ ಮಿಡಿತಕ್ಕೆ ಹೊರಳಿಕೊಳ್ಳುತ್ತವೆ. ನೀವು ದೂರ ಸರಿದ ಕೂಡಲೇ ಸಾಮಾನ್ಯವಾಗಿ ಎಲ್ಲವೂ ಮೊದಲಿನಂತಾಗುತ್ತದೆ. ಒಲೆಯ ಹತ್ತಿರ ಒಮ್ಮೆ ಹೋದ ಮಾತ್ರಕ್ಕೆ ಮಿಷನ್ ಕೆಟ್ಟುಹೋಗುತ್ತದೆ ಎಂಬ ಹೆದರಿಕೆ ಬಿಡಿ.

2006ರಲ್ಲಿ ‘ಯುರೋಪೇಸ್’ ವೈದ್ಯಕೀಯ ಪತ್ರಿಕೆಯಲ್ಲಿ ಇರ್ನಿಷ್ ಮತ್ತು ಬರ್ನ್‌ಸ್ಟೈನ್ ಎಂಬ ಸಂಶೋಧಕರು ಇದೇ ಪ್ರಶ್ನೆಯನ್ನು ಪರಿಶೀಲಿಸಿ ಬರೆದರು. ಅವರು ಅಪಾಯ ಕಂಡದ್ದು ಮೂರು ಸಂಗತಿಗಳು ಒಟ್ಟಿಗೆ ಕೂಡಿದಾಗ: ಎಡಗಡೆ ಹಾಕಿದ ಯೂನಿಪೋಲಾರ್ ಪೇಸ್‌ಮೇಕರ್, ಒಲೆಗೆ ತೀರಾ ಒತ್ತಿಕೊಂಡು ನಿಲ್ಲುವುದು, ಸುರುಳಿಯ ನಡುವಿನಿಂದ ಸರಿದ ಪಾತ್ರೆ. ಮೊದಲನೆಯದು ನಮ್ಮ ಕೈಯಲ್ಲಿಲ್ಲ. ಉಳಿದೆರಡು ಪೂರ್ತಿ ನಮ್ಮ ಕೈಯಲ್ಲಿವೆ.

3. ಟೇಪ್ ಹಿಡಿದು ಅಳೆಯಿರಿ

ಎರಡಡಿ ಎಂದರೆ ಕಣ್ಣಂದಾಜಿನ ಎರಡಡಿಯಲ್ಲ. ಐದಡಿ ಎತ್ತರದ ಒಬ್ಬ ತಾಯಿಯನ್ನು ತೆಗೆದುಕೊಳ್ಳಿ. ಅವರ ಕೊರಳೆಲುಬಿನ ಕೆಳಗಿರುವ ಪೇಸ್‌ಮೇಕರ್ ನೆಲದಿಂದ ಸುಮಾರು 120 ಸೆಂ.ಮೀ. ಮೇಲಿರುತ್ತದೆ. ಕಟ್ಟೆಯ ಎತ್ತರ 83-84 ಸೆಂ.ಮೀ., ಅದರ ಮೇಲೆ ಒಲೆಯ ಎತ್ತರ ಆರೇಳು ಸೆಂ.ಮೀ.; ಒಟ್ಟು 90. ಅಂದರೆ ಮೇಲೆ-ಕೆಳಗೆ ಸಿಗುವ ಅಂತರ ಬರೀ 30. ನೇರ ಅಳತೆಯಲ್ಲಿ 60 ಬರಬೇಕಾದರೆ ಎದೆಯಿಂದ ಒಲೆಯ ಕಾಯುವ ವೃತ್ತದ ಅಂಚಿಗೆ ಅಡ್ಡಲಾಗಿ ಸುಮಾರು 52 ಸೆಂ.ಮೀ. ಬೇಕು. ಒಲೆಯನ್ನು ಕಟ್ಟೆಯ ಅಂಚಿಗೇ ಇಟ್ಟು, ಹೊಟ್ಟೆ ತಾಗುವಂತೆ ನಿಂತು ಸಾರು ಕದಡಿದರೆ ನೇರ ಅಂತರ 60ರ ಅರ್ಧಕ್ಕೆ ಇಳಿದಿರುತ್ತದೆ. ಎತ್ತರ ಕಡಿಮೆಯಿದ್ದವರಿಗೆ ಇನ್ನೂ ಕಡಿಮೆ.

ಮನೆಯಲ್ಲಿ ಇನ್ನೊಬ್ಬರ ಕೈಗೆ ಟೇಪ್ ಕೊಡಿ. ಒಲೆ ಆರಿರಲಿ. ನೀವು ದಿನಾ ನಿಲ್ಲುವ ಹಾಗೇ ನಿಲ್ಲಿ. ಪೇಸ್‌ಮೇಕರ್ ಇರುವ ಉಬ್ಬಿನಿಂದ ವೃತ್ತದ ಅಂಚಿಗೆ ನೇರವಾಗಿ ಅಳೆಯಲಿ. 60 ಬರುವ ಜಾಗದಲ್ಲಿ ನಿಮ್ಮ ಕಾಲ್ಬೆರಳ ಮುಂದೆ ನೆಲಕ್ಕೆ ಬಣ್ಣದ ಟೇಪ್ ಒಂದು ಗೆರೆ ಅಂಟಿಸಿ. ಗೆರೆ ಕಣ್ಣಿಗೆ ಬೀಳುತ್ತಿದ್ದರೆ ಅವಸರದಲ್ಲೂ ಕಾಲು ಅಲ್ಲೇ ನಿಲ್ಲುತ್ತದೆ.

4. ಒಲೆಯನ್ನು ಗೋಡೆಯ ಕಡೆ ಸರಿಸಿ

ನಮ್ಮಲ್ಲಿ ಹೆಚ್ಚಾಗಿ ಇರುವುದು ಎತ್ತಿಡಬಹುದಾದ ಒಂಟಿ ಒಲೆ. ಅದೇ ಅನುಕೂಲ. ಎರಡಡಿ ಅಗಲದ ಕಟ್ಟೆಯಲ್ಲಿ ಹಿಂದಕ್ಕೆ ಸರಿಸಿ, ಗಾಳಿಯಾಡಲು ಗೋಡೆಯಿಂದ ಆರೇಳು ಸೆಂ.ಮೀ. ಬಿಟ್ಟರೆ ಕಾಯುವ ವೃತ್ತ ಕಟ್ಟೆಯ ಅಂಚಿನಿಂದ ಹೆಚ್ಚುಕಡಿಮೆ ಒಂದಡಿ ಒಳಗೆ ಹೋಗುತ್ತದೆ. ಆಮೇಲೆ ನೀವು ಕಟ್ಟೆಯಿಂದ ಅರ್ಧ ಹೆಜ್ಜೆ ಹಿಂದೆ ನಿಂತರೆ ಸಾಕು, ಲೆಕ್ಕ ಸರಿಹೋಗುತ್ತದೆ. ಗುಂಡಿಗಳು ಒಲೆಯ ಮುಂಭಾಗದಲ್ಲೇ ಇರುವುದರಿಂದ ಕೈ ಚಾಚಿದರೆ ಸಿಗುತ್ತವೆ. ಕಟ್ಟೆಯೊಳಗೇ ಕೂರಿಸಿದ ಮೂರು-ನಾಲ್ಕು ವೃತ್ತಗಳ ಒಲೆಯಿದ್ದರೆ ಹಿಂದಿನ ಸಾಲನ್ನು ಬಳಸಿ, ಮುಂದಿನದನ್ನು ಮನೆಯವರಿಗೆ ಬಿಡಿ.

5. ಪಾತ್ರೆ ನಡುಮಧ್ಯದಲ್ಲಿ ಕೂರಲಿ

ವೃತ್ತವನ್ನು ಪೂರ್ತಿ ಮುಚ್ಚುವಷ್ಟು ಅಗಲದ, ತಳ ಸಮನಾಗಿರುವ ಪಾತ್ರೆ ಆರಿಸಿಕೊಳ್ಳಿ. ಪಾತ್ರೆ ಒಂದು ಪಕ್ಕಕ್ಕೆ ಸರಿದರೆ ತೆರೆದುಕೊಂಡ ಕಡೆಯಿಂದ ಕ್ಷೇತ್ರ ಹೆಚ್ಚು ಸೋರುತ್ತದೆ. ನೀವು ನಿಂತ ಕಡೆಯೇ ತೆರೆದುಕೊಂಡರೆ ಇನ್ನೂ ಕೆಟ್ಟದ್ದು. ಬಿದ್ದು ತಗ್ಗಾದ ತಪ್ಪಲೆ, ಬಳಸಿ ಬಳಸಿ ತಳ ಉಬ್ಬಿದ ಕುಕ್ಕರ್ ಇಂಡಕ್ಷನ್ ಮೇಲೆ ಬೇಡ. ಕುದಿಯುವಾಗ ಹಗುರ ಪಾತ್ರೆ ಗಾಜಿನ ಮೇಲೆ ತಾನೇ ಜಾರುತ್ತದೆ, ಗಮನವಿರಲಿ.

6. ಒಗ್ಗರಣೆ ಗ್ಯಾಸಿನ ಮೇಲೇ ಆಗಲಿ

ಅಂಗೈಯಗಲದ ಒಗ್ಗರಣೆ ಸೌಟನ್ನು ದೊಡ್ಡ ವೃತ್ತದ ಮೇಲಿಟ್ಟರೆ ಮುಕ್ಕಾಲು ಭಾಗ ಬಯಲಾಗೇ ಉಳಿಯುತ್ತದೆ. ಸಾಸಿವೆ ಸಿಡಿಯಿತೇ ಎಂದು ಬಗ್ಗಿ ನೋಡುವ ಅಭ್ಯಾಸ ಬೇರೆ. ಒಗ್ಗರಣೆಗೆ, ಒಂದೇ ಲೋಟದ ಕಾಫಿಗೆ ಗ್ಯಾಸೇ ಸರಿ.

7. ಉಕ್ಕಿನ ಸೌಟು ಕೆಳಗಿಡಿ, ಚಿಪ್ಪಿನ ಸೌಟು ಹಿಡಿಯಿರಿ

ಇದು ಹೆಚ್ಚಿನವರಿಗೆ ತಿಳಿಯದ ವಿಷಯ. ಸುರುಳಿಗೂ ಪಾತ್ರೆಗೂ ನಡುವೆ ಗಾಜಿದ್ದರೂ ಪಾತ್ರೆಗೆ ಸಣ್ಣ ಪ್ರಮಾಣದ ಸೋರಿಕೆ ವಿದ್ಯುತ್ ದಾಟುತ್ತದೆ. ಲೋಹದ ಸೌಟು ಹಿಡಿದು ಕದಡುತ್ತಾ ನಿಂತರೆ ಅದು ಕೈಯಿಂದ ಮೈಗೆ ಇಳಿದು ನೆಲ ಸೇರುತ್ತದೆ. ಆರೋಗ್ಯವಂತರಿಗೆ ಅದು ತಿಳಿಯುವುದೂ ಇಲ್ಲ. ಆದರೆ ಪಾತ್ರೆಯನ್ನು ಬಹಳ ಹೊತ್ತು ಮುಟ್ಟಿಕೊಂಡೇ ಇದ್ದರೆ ಯೂನಿಪೋಲಾರ್ ಲೀಡ್ ಇದನ್ನು ಗ್ರಹಿಸಬಹುದು. ಸ್ವಿಟ್ಜರ್ಲೆಂಡಿನ ಸಾರ್ವಜನಿಕ ಆರೋಗ್ಯ ಇಲಾಖೆ ಇಂಡಕ್ಷನ್ ಒಲೆಯಲ್ಲಿ ಲೋಹದ ಸೌಟು ಬೇಡವೆಂದು ಎಲ್ಲರಿಗೂ ಹೇಳುತ್ತದೆ.

ನಮಗೆ ಇದರ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಮಲೆನಾಡು, ಕರಾವಳಿಯ ಮನೆಗಳಲ್ಲಿ ತೆಂಗಿನ ಚಿಪ್ಪಿಗೆ ಮರದ ಹಿಡಿ ಸಿಕ್ಕಿಸಿದ ಸೌಟು ಇಂದಿಗೂ ಇದೆ. ಅದರಲ್ಲಿ ವಿದ್ಯುತ್ ಹರಿಯುವುದಿಲ್ಲ, ಉದ್ದನೆಯ ಹಿಡಿಯಿಂದ ನಿಮಗೆ ಮುಕ್ಕಾಲಡಿ ಅಂತರವೂ ಸಿಗುತ್ತದೆ. ಮರದ ಮಗುಚುವ ಕೈ ಆದರೂ ಆದೀತು.

ಇಕ್ಕಳದ ವಿಷಯದಲ್ಲಿ ಹೆಚ್ಚು ಎಚ್ಚರ. ಇಕ್ಕಳ ಲೋಹದ್ದು, ಪಾತ್ರೆ ಎತ್ತುವಾಗ ಎದೆಗೆ ಹತ್ತಿರ ತರುತ್ತೇವೆ. ಮೊದಲು ಒಲೆ ಆರಿಸಿ, ಆಮೇಲೆ ಇಕ್ಕಳ ಹಾಕಿ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಲ್ಲುವ ಬದಲು ಅಡುಗೆಮನೆಗೆಂದೇ ಒಂದು ಜೊತೆ ರಬ್ಬರ್ ಚಪ್ಪಲಿ ಇಟ್ಟುಕೊಳ್ಳಿ. ಒಲೆಯ ಪ್ಲಗ್ ಮೂರು ಪಿನ್ನಿನದಾಗಿದ್ದು, ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಕೈಲಿ ಒಮ್ಮೆ ನೋಡಿಸಿ. ಗಾಜು ಬಿರುಕುಬಿಟ್ಟ ಒಲೆಯನ್ನು ರಿಪೇರಿಯಾಗುವವರೆಗೆ ಯಾರೂ ಬಳಸಬಾರದು.

8. ಮುದ್ದೆ ತೊಳಸುವಾಗ ಪಾತ್ರೆ ಕೆಳಗಿಳಿಸಿ

ಹಳೇ ಮೈಸೂರಿನ ಮನೆಗಳಿಗೆ ಇದನ್ನು ಒತ್ತಿ ಹೇಳಬೇಕು. ಎಸರು ಕುದಿದು, ಹಿಟ್ಟು ಬಿದ್ದು, ಬೆಂದ ಮೇಲೆ ಗಂಟಿಲ್ಲದಂತೆ ತೊಳಸುವ ಹೊತ್ತಿನಲ್ಲಿ ಮೈಯ ಭಾರವೆಲ್ಲ ಕೋಲಿನ ಮೇಲೆ ಬೀಳುತ್ತದೆ. ಭುಜ ಮುಂದಕ್ಕೆ ಬಾಗಿ ಎದೆ ಪಾತ್ರೆಯ ಬಾಯಿಗೆ ಒಂದಡಿಯಷ್ಟು ಸಮೀಪಕ್ಕೆ ಬಂದಿರುತ್ತದೆ. ಒತ್ತುವ ರಭಸಕ್ಕೆ ಪಾತ್ರೆಯೂ ಗಾಜಿನ ಮೇಲೆ ನಡುವಿನಿಂದ ಸರಿಯುತ್ತದೆ. ಹತ್ತಿರದ ಎದೆ, ಸರಿದ ಪಾತ್ರೆ: ಬೇಡವೆಂದ ಎರಡೂ ಒಂದೇ ಗಳಿಗೆಯಲ್ಲಿ ಕೂಡುತ್ತವೆ.

ದಾರಿ ಹಳೆಯದೇ. ಹಿಟ್ಟು ಬೇಯುವವರೆಗೆ ಇಂಡಕ್ಷನ್ ಮೇಲಿರಲಿ, ಬೆಂದ ಕೂಡಲೇ ಆರಿಸಿ. ಪಾತ್ರೆಯನ್ನು ನೆಲಕ್ಕಿಳಿಸಿ, ಕವೆಗೋಲಿನಿಂದ ಅದುಮಿ ಹಿಡಿದು, ಅಲ್ಲಿ ತೊಳಸಿ. ಮುದ್ದೆ ಕೋಲು ಮರದ್ದೇ ಆದ್ದರಿಂದ ಸೋರಿಕೆ ವಿದ್ಯುತ್ತಿನ ಚಿಂತೆಯಿಲ್ಲ. ಪೇಸ್‌ಮೇಕರ್ ಹಾಕಿದ ಮೊದಲ ಕೆಲವು ವಾರ ಆ ಬದಿಯ ತೋಳಿಗೆ ಭಾರ ಹಾಕಬೇಡಿ, ಭುಜಕ್ಕಿಂತ ಮೇಲೆ ಕೈ ಎತ್ತಬೇಡಿ ಎಂದು ವೈದ್ಯರು ಹೇಳಿಯೇ ಇರುತ್ತಾರೆ. ಲೀಡ್ ಒಳಗೆ ಗಟ್ಟಿಯಾಗಿ ಕೂರುವವರೆಗೆ ಮುದ್ದೆ ತೊಳಸುವ ಕೆಲಸವನ್ನು ಮನೆಯ ಇನ್ನೊಬ್ಬರು ವಹಿಸಿಕೊಳ್ಳಲಿ. ಗಂಡಸರೂ ಕಲಿಯಬಹುದಾದ ಕೆಲಸವೇ ಅದು.

9. ಬಗ್ಗುವ ಮೊದಲು ಆರಿಸಿ

ರುಚಿ ನೋಡಲು, ಉಪ್ಪು ಹಾಕಲು, ಕುಕ್ಕರಿನ ಮುಚ್ಚಳ ತೆಗೆಯಲು, ಚೆಲ್ಲಿದ್ದನ್ನು ಒರೆಸಲು ಬಗ್ಗಲೇಬೇಕು. ಬಗ್ಗಿ, ಆದರೆ ಗುಂಡಿ ಒತ್ತಿ ಆರಿಸಿದ ಮೇಲೆ. ಇಂಡಕ್ಷನ್ ಒಲೆ ಆರಿದ ಕ್ಷಣವೇ ಕಾಂತಕ್ಷೇತ್ರವೂ ಇಲ್ಲವಾಗುತ್ತದೆ. ಮತ್ತೆ ಹೊತ್ತಿಸಲು ಒಂದು ಗುಂಡಿ ಸಾಕು.

ಒಂದು ಮೋಸ ಗೊತ್ತಿರಲಿ. ಕಡಿಮೆ ಬೆಲೆಯ ಒಲೆಗಳು ಕಡಿಮೆ ಶಾಖದಲ್ಲಿ ನಿರಂತರವಾಗಿ ನಡೆಯುವುದಿಲ್ಲ. ಕೆಲವು ಸೆಕೆಂಡು ನಡೆದು, ಕೆಲವು ಸೆಕೆಂಡು ನಿಂತು, ಮತ್ತೆ ನಡೆಯುತ್ತವೆ. ಗುಂಯ್ ಸದ್ದು ನಿಂತಿತು, ಕುದಿ ಇಳಿಯಿತು ಎಂದು ಬಗ್ಗಿದ ಗಳಿಗೆಯಲ್ಲೇ ಪೂರ್ಣ ಬಲದಿಂದ ಮತ್ತೆ ಶುರುವಾಗಬಹುದು. ಕಿವಿಯನ್ನು ನಂಬಬೇಡಿ, ಗುಂಡಿಯನ್ನು ನಂಬಿ.

10. ಪಾತ್ರೆ ಪರೀಕ್ಷಿಸುವ ಆಯಸ್ಕಾಂತ ಎದೆಯಿಂದ ದೂರ

ಪಾತ್ರೆ ಇಂಡಕ್ಷನ್‌ಗೆ ಆಗುತ್ತದೆಯೇ ಎಂದು ತಳಕ್ಕೆ ಆಯಸ್ಕಾಂತ ಅಂಟಿಸಿ ನೋಡುತ್ತೇವೆ. ಅಂಟಿದರೆ ಆಗುತ್ತದೆ, ಹಿತ್ತಾಳೆ, ತಾಮ್ರ, ಬರೀ ಅಲ್ಯುಮಿನಿಯಂ ಆಗುವುದಿಲ್ಲ. ಬಲವಾದ ಆಯಸ್ಕಾಂತ ಪೇಸ್‌ಮೇಕರ್ ಸಮೀಪ ಬಂದರೆ ಅದು ತಾತ್ಕಾಲಿಕವಾಗಿ ಒಂದೇ ವೇಗದ ಮಿಡಿತಕ್ಕೆ ಹೊರಳುತ್ತದೆ. ಆಯಸ್ಕಾಂತವನ್ನು ಅಂಗಿ ಜೇಬಿಗೆ ಹಾಕಬೇಡಿ, ರವಿಕೆಗೆ ಸಿಕ್ಕಿಸಬೇಡಿ. ಕನಿಷ್ಠ 15 ಸೆಂ.ಮೀ. ದೂರವಿರಲಿ. ಅಡುಗೆಯ ವಿಡಿಯೋ ನೋಡುವ ಮೊಬೈಲಿಗೂ ಇದೇ 15ರ ಲೆಕ್ಕ. ಮಿಕ್ಸಿಯನ್ನೂ ಅಷ್ಟು ದೂರ ಇಟ್ಟು ಬಳಸಿ, ಸಾಕು.

11. ಕೂತು ಅಡುಗೆ ಮಾಡುವವರು, ಹೊಟ್ಟೆಯಲ್ಲಿ ಸಾಧನವಿರುವವರು ಬೇರೆಯಾಗಿ ಅಳೆಯಿರಿ

ಮಣೆ ಹಾಕಿ ನೆಲದ ಮೇಲೆ ಕೂತು ಅಡುಗೆ ಮಾಡುವ ಮನೆಗಳಲ್ಲಿ ಒಲೆಯೂ ನೆಲದ ಮೇಲೇ ಇರುತ್ತದೆ. ಕೂತಾಗ ಎದೆ ಒಲೆಗಿಂತ ಬಹಳ ಮೇಲೇನೂ ಇರುವುದಿಲ್ಲ, ಕೈಯಾಡಿಸಲು ಬಾಗಿದರೆ ಇನ್ನೂ ಕೆಳಗಿಳಿಯುತ್ತದೆ. ಒಲೆಯನ್ನು ಕಟ್ಟೆಗೆ ಏರಿಸುವುದೇ ಒಳ್ಳೆಯದು. ಚಿಕ್ಕ ಮಕ್ಕಳಲ್ಲಿ ಕೆಲವೊಮ್ಮೆ ಸಾಧನವನ್ನು ಹೊಟ್ಟೆಯ ಭಾಗದಲ್ಲಿ ಇಟ್ಟಿರುತ್ತಾರೆ. ಆ ಮಕ್ಕಳು ಬೆಳೆದು ಕಟ್ಟೆ ಮುಂದೆ ನಿಂತಾಗ ಸಾಧನ ಹೆಚ್ಚುಕಡಿಮೆ ಒಲೆಯ ಮಟ್ಟಕ್ಕೇ ಬರುತ್ತದೆ. ಅಂಥವರು ಅಡ್ಡಲಾಗಿಯೇ ಪೂರ್ತಿ ಎರಡಡಿ ಇಟ್ಟುಕೊಳ್ಳಬೇಕು. ಸಾಧನವಿರುವ ಮಗು ಒಲೆಯ ಮುಂದೆ ಆಡುತ್ತಿದ್ದರೆ ಅದಕ್ಕೂ ಇದನ್ನು ಕಲಿಸಿ.

12. ಐಸಿಡಿ ಇದ್ದವರು ಎರಡಡಿಯಲ್ಲಿ ಒಂದಂಗುಲವೂ ಬಿಡಬೇಡಿ

ಐಸಿಡಿ ಎಂಬುದು ಹೃದಯ ಲಯ ತಪ್ಪಿ ಓಡಿದಾಗ ಒಳಗಿನಿಂದಲೇ ಶಾಕ್ ಕೊಟ್ಟು ಜೀವ ಉಳಿಸುವ ಸಾಧನ. ಹೊರಗಿನ ಗದ್ದಲವನ್ನು ಅದು ಲಯ ತಪ್ಪಿದ ಬಡಿತವೆಂದು ತಿಳಿದರೆ ಬೇಡದ ಶಾಕ್ ಕೊಡಬಹುದು. ಬಲವಾದ ಆಯಸ್ಕಾಂತ ಮೇಲೆ ಬಂದರೆ ಬಹುತೇಕ ಐಸಿಡಿಗಳು ಕೊಡಬೇಕಾದ ಶಾಕನ್ನೂ ತಡೆಹಿಡಿಯುತ್ತವೆ. ನಿಮ್ಮದು ಪೇಸ್‌ಮೇಕರೋ ಐಸಿಡಿಯೋ ಎಂಬುದು ಮನೆಯವರೆಲ್ಲರಿಗೂ ಗೊತ್ತಿರಬೇಕು. ಐಸಿಡಿಯಿದ್ದೂ ಇಂಡಕ್ಷನ್ ಬಳಸುವ ಆಸೆಯಿದ್ದರೆ ವೈದ್ಯರ ಒಪ್ಪಿಗೆ ಮೊದಲು, ಒಲೆ ಕೊಳ್ಳುವುದು ಆಮೇಲೆ.

13. ಬೇರೆ ದಾರಿಯೂ ಇದೆ, ಹೊರಗಿನ ಒಲೆಗಳೂ ಇವೆ

ಗ್ಯಾಸಿಗೆ ಪರ್ಯಾಯವಾಗಿ ವಿದ್ಯುತ್ ಒಲೆ ಬೇಕೇಬೇಕೆಂದರೆ ಇನ್‌ಫ್ರಾರೆಡ್ ಒಲೆ ನೋಡಿ. ಅದರಲ್ಲಿ ಕೆಂಪಗೆ ಕಾಯುವ ತಂತಿ ಶಾಖ ಕೊಡುತ್ತದೆ, ಇಂಡಕ್ಷನ್ನಿನ ಕಾಂತಕ್ಷೇತ್ರವಿಲ್ಲ, ಹಳೆಯ ಪಾತ್ರೆಗಳೂ ನಡೆಯುತ್ತವೆ. ಅಂಗಡಿಯಲ್ಲಿ ಎರಡೂ ಒಂದೇ ಥರ ಕಾಣುವುದರಿಂದ ಕೇಳಿ ಕೊಳ್ಳಿ. ಸಾಮಾನ್ಯ ಎಲೆಕ್ಟ್ರಿಕ್ ಕುಕ್ಕರ್ ತಂತಿ ಕಾಯಿಸುವಂಥದ್ದು. ‘ಐಎಚ್’ ಎಂದು ಬರೆದ ಅನ್ನದ ಕುಕ್ಕರ್ ಮಾತ್ರ ಇಂಡಕ್ಷನ್ನೇ, ಅದಕ್ಕೂ ಎರಡಡಿ. ಸುಸ್ಥಿತಿಯಲ್ಲಿರುವ ಮೈಕ್ರೋವೇವ್ ಬಗ್ಗೆ ಹೆದರಿಕೆ ಬೇಡ.

ಮದುವೆ ಮನೆಯ ಬಫೆಯಲ್ಲಿ, ಹೋಟೆಲಿನ ದೋಸೆ ಕೌಂಟರಿನಲ್ಲಿ ಆಹಾರ ಬಿಸಿಯಿಡಲು ಇಂಡಕ್ಷನ್ ಬಳಸುವುದು ಹೆಚ್ಚಿದೆ. ಪಾತ್ರೆಯ ಮೇಲೆ ಬಾಗದೆ ತಟ್ಟೆ ಮುಂದೆ ಚಾಚಿ ಬಡಿಸಿಕೊಳ್ಳಿ. ಬೇರೆಯವರು ಅಡುಗೆ ಮಾಡುತ್ತಿರುವ ಮನೆಯಲ್ಲಿ ನೀವು ಊಟದ ಮೇಜಿಗೆ ಕೂತಿದ್ದರೆ ಯೋಚನೆಯೇ ಬೇಡ. ಹೋಟೆಲ್, ಮೆಸ್, ಹಾಸ್ಟೆಲ್‌ಗಳಲ್ಲಿ ಅಡುಗೆಯೇ ಕಸುಬಾದವರ ಮಾತು ಬೇರೆ. ಅಲ್ಲಿನ ಒಲೆಗಳ ಶಕ್ತಿ ಮನೆಯದರ ಎರಡು-ಮೂರು ಪಟ್ಟು, ನಿಲ್ಲುವುದು ಇಡೀ ದಿನ. ಅವರು ಕೆಲಸಕ್ಕೆ ಮರಳುವ ಮೊದಲು ಒಲೆಯ ಮಾದರಿ ಮತ್ತು ವ್ಯಾಟ್ ಬರೆದುಕೊಂಡು ಹೋಗಿ ವೈದ್ಯರಿಗೆ ತೋರಿಸಲಿ. ಮಾಲೀಕರು ಅವರಿಗೆ ತರಕಾರಿ ಹೆಚ್ಚುವ, ಗ್ಯಾಸ್ ಒಲೆಯ ಕಡೆಯ ಕೆಲಸ ಕೊಡಬೇಕು. ಕೆಲಸದಿಂದಲೇ ತೆಗೆಯುವುದು ಅನ್ಯಾಯ.

14. ತಲೆ ಸುತ್ತಿದರೆ ಹಿಂದಕ್ಕೆ ಸರಿಯಿರಿ, ಸಮಯ ಬರೆದಿಡಿ

ಒಲೆಯ ಮುಂದೆ ನಿಂತಾಗ ತಲೆ ಹಗುರಾಯಿತು, ಕಣ್ಣು ಕತ್ತಲೆ ಬಂತು, ಎದೆ ಡವಡವ ಎಂದಿತು ಅನ್ನಿಸಿದರೆ ಒಲೆ ಆರಿಸುವುದನ್ನೂ ಬಿಟ್ಟು ಮೊದಲು ಎರಡು ಹೆಜ್ಜೆ ಹಿಂದೆ ಸರಿದು ಕೂತುಕೊಳ್ಳಿ. ಒಲೆಯನ್ನು ಮನೆಯವರು ಆರಿಸಲಿ. ಒಲೆಯೇ ಕಾರಣವಾಗಿದ್ದರೆ ಅಷ್ಟರಲ್ಲೇ ಸರಿಹೋಗುತ್ತದೆ. ನಿಜವಾಗಿ ಒಲೆಯದ್ದೇ ಕಾರಣವೇ ಎಂದು ಮತ್ತೆ ಹತ್ತಿರ ಹೋಗಿ ಪರೀಕ್ಷಿಸಬೇಡಿ.

ಗಡಿಯಾರ ನೋಡಿ ದಿನಾಂಕ, ಸಮಯ, ಏನು ಮಾಡುತ್ತಿದ್ದಿರಿ ಎಂಬುದನ್ನು ಕ್ಯಾಲೆಂಡರಿನಲ್ಲಿ ಆ ದಿನದ ಮನೆಯಲ್ಲೇ ಬರೆದಿಡಿ. ಪೇಸ್‌ಮೇಕರ್‌ಗಳು ಇಂಥ ಗದ್ದಲದ ಘಟನೆಗಳಲ್ಲಿ ಹಲವನ್ನು ಸಮಯದ ಸಹಿತ ತಮ್ಮ ನೆನಪಿನಲ್ಲಿ ಉಳಿಸಿಕೊಂಡಿರುತ್ತವೆ. ತಪಾಸಣೆಯಲ್ಲಿ ವೈದ್ಯರು ನಿಮ್ಮ ಟಿಪ್ಪಣಿಯನ್ನೂ ಅದರ ದಾಖಲೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಕಾರಣ ಒಲೆಯೋ, ರಕ್ತದೊತ್ತಡವೋ, ಲೀಡ್‌ನ ದೋಷವೋ ಎಂದು ತಿಳಿಯಲು ದಾರಿಯಾಗುತ್ತದೆ. ಬೇಕಿದ್ದರೆ ಸಾಧನವನ್ನು ಬೇರೆ ಬಗೆಯಲ್ಲಿ ಹೊಂದಿಸಿಯೂ ಕೊಡುತ್ತಾರೆ.

ದೂರ ಸರಿದ ಮೇಲೂ ತಲೆಸುತ್ತು ನಿಲ್ಲದಿದ್ದರೆ, ಎಚ್ಚರ ತಪ್ಪಿದರೆ, ಉಸಿರು ಕಟ್ಟಿದರೆ, ಐಸಿಡಿ ಒಂದಕ್ಕಿಂತ ಹೆಚ್ಚು ಶಾಕ್ ಕೊಟ್ಟರೆ ಕಾಯಬೇಡಿ. 108ಕ್ಕೆ ಕರೆ ಮಾಡಿ, ಪೇಸ್‌ಮೇಕರ್ ಅಥವಾ ಐಸಿಡಿ ಇದೆ ಎಂದು ಮೊದಲೇ ಹೇಳಿ, ಆ ಕಾರ್ಡನ್ನು ಆಂಬುಲೆನ್ಸಿನವರ ಕೈಗೆ ಕೊಡಿ.